ರಕ್ತ ನೋಡುವ ಡಾಕ್ಟರು

ನಾನು ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ನೆಂಟರಿಷ್ಟರು ಇದನ್ನು ಪೂರ್ತಿಯಾಗಿ ಒಪ್ಪಿಕೊಂಡದ್ದು ತೀರಾ ಈಚೆಗೆ. ತುಮಕೂರಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಲ್ಯಾಬಿನಲ್ಲಿ ತಲೆಕೂದಲು ಬೆಳ್ಳಗಾಗುವಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ನಾನು ರೋಗಿಯ ನಾಡಿ ಹಿಡಿಯುವುದಿಲ್ಲ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಎಳೆದುಕೊಳ್ಳಿ ಅನ್ನುವುದಿಲ್ಲ, ಚೀಟಿಯಲ್ಲಿ ಮಾತ್ರೆ ಬರೆಯುವುದಿಲ್ಲ. ವಾರ್ಡುಗಳಿಂದ ನೇರಳೆ ಮುಚ್ಚಳದ ಪುಟ್ಟ ಟ್ಯೂಬುಗಳಲ್ಲಿ ರಕ್ತ ಬರುತ್ತದೆ. ಅದನ್ನು ಮಿಷನ್ನು ಎಣಿಸುತ್ತದೆ. ಮಿಷನ್ನಿಗೆ ಅನುಮಾನ ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನಾನು ನೋಡುತ್ತೇನೆ. ನನಗೆ ಅನುಮಾನ ಬಂದದ್ದನ್ನು ನೋಡುವುದಕ್ಕೆ ನನ್ನ ಮೇಲೆ ಅಲ್ಲಿ ಯಾರೂ ಇಲ್ಲ. ಈ ಮಾತಿನಲ್ಲಿ ಜಂಬ ಕಂಡರೆ ಕಾಣಲಿ. ನನಗೆ ನನ್ನ ಕೆಲಸದ ಬಗ್ಗೆ ಜಂಬ ಇದೆ.

ಮದುವೆ ಮನೆಗಳಲ್ಲಿ ಮಾತ್ರ ಈ ಜಂಬ ನಡೆಯುವುದಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು "ನೀವು ಡಾಕ್ಟ್ರಂತೆ, ಯಾವುದಕ್ಕೆ?" ಅನ್ನುತ್ತಾರೆ. ರಕ್ತ ಪರೀಕ್ಷೆ ಎಂದರೆ "ಓ, ಲ್ಯಾಬಾ" ಅಂತ ಪಾಯಸದ ಕಡೆ ತಿರುಗುತ್ತಾರೆ. ಒಬ್ಬರಂತೂ ಹೋಳಿಗೆ ಎಲೆಗೆ ಬೀಳುವ ಮೊದಲು ಬೆರಳು ಚಾಚಿ, "ಇಲ್ಲೇ ಶುಗರ್ ನೋಡಿ ಹೇಳಿಬಿಡ್ತೀರಾ?" ಎಂದಿದ್ದರು. ಆ ಬೆರಳನ್ನು ಕಚ್ಚಲಿಲ್ಲ ಅನ್ನುವುದು ನನ್ನ ತಾಳ್ಮೆ.

ಈ ಅವಮಾನಕ್ಕೆಲ್ಲ ಮೂಲ ನಮ್ಮ ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ. ನಾನು ಹುಟ್ಟಿದ್ದು ಹಾಗಲವಾಡಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಹೈಸ್ಕೂಲಿಗೆ ಬರುವಾಗ ನನ್ನನ್ನು ಗುಬ್ಬಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಪಿಯುಸಿ ಮುಗಿಯುವವರೆಗೂ ಅಲ್ಲೇ ಇದ್ದೆ. ತಲೆನೋವು ಬರುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿ, "ಓದ್ಲಿಲ್ಲ ಅಂದ್ರೆ ಎಮ್ಮೆ ಕಾಯೋಕೆ ವಾಪಸ್ ಕಳಿಸ್ತೀನಿ ನೋಡು" ಎಂದು ಗದರಿ, ನಾನು ಓದುತ್ತಿದ್ದರೆ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂರುತ್ತಿದ್ದವಳು ಅವಳು. ಅವಳಿಗೆ ನನ್ನ ಪುಸ್ತಕದ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನಾನು ತೂಕಡಿಸಿದ್ದು ಮಾತ್ರ ತಕ್ಷಣ ತಿಳಿಯುತ್ತಿತ್ತು. ನನಗೆ ಮೆಡಿಕಲ್ ಸೀಟು ಸಿಕ್ಕಿದ ದಿನ ಬೀದಿಗೆಲ್ಲ ಸಕ್ಕರೆ ಹಂಚಿ, ಮಗಳಿಗಿಂತ ಹೆಚ್ಚು ಅಂತ ಎಲ್ಲರೆದುರು ಹೇಳಿಕೊಂಡು ತನ್ನ ಸ್ವಂತ ಮಗಳ ಕಣ್ಣಲ್ಲಿ ನೀರು ಬರಿಸಿದ್ದಳು.

ಎಂಬಿಬಿಎಸ್ ಆದಮೇಲೆ ನಾನು ಪೆಥಾಲಜಿ ತೆಗೆದುಕೊಂಡೆ. ಯಾರೂ ಬಲವಂತ ಮಾಡಲಿಲ್ಲ, ಇಷ್ಟಪಟ್ಟೇ ತೆಗೆದುಕೊಂಡೆ. ದೊಡ್ಡಮ್ಮ ಅದೇನು ಎಂದು ಕೇಳಿದಳು. ರಕ್ತ, ಮಾಂಸದ ಚೂರು ನೋಡಿ ರೋಗ ಪತ್ತೆ ಮಾಡುವುದು ಅಂತ ವಿವರಿಸಿದೆ. "ಇಷ್ಟೆಲ್ಲ ಓದಿ ಕೊನೆಗೆ ರಕ್ತದ ರೂಮು ಸೇರ್ಕೊಂಡ್ಯಲ್ಲೇ. ರೋಗಿ ಮುಖಾನೇ ನೋಡ್ದೇ ಇರೋಳು ಎಂಥ ಡಾಕ್ಟ್ರು?" ಅಂದಳು. ಅಲ್ಲಿಂದಾಚೆಗೆ ನನ್ನನ್ನು ಯಾರಿಗಾದರೂ ಪರಿಚಯ ಮಾಡಿಸುವಾಗ ದನಿ ತಗ್ಗಿಸತೊಡಗಿದಳು. "ನಮ್ ಹುಡುಗಿ ಡಾಕ್ಟ್ರೇ ಕಣಮ್ಮಾ. ಆದ್ರೆ ರೋಗಿ ನೋಡೋ ಡಾಕ್ಟ್ರಲ್ಲ, ರಕ್ತ ನೋಡೋ ಡಾಕ್ಟ್ರು." ಆ 'ಆದ್ರೆ' ನನಗೆ ಎಷ್ಟು ವರ್ಷ ಚುಚ್ಚಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ನಮ್ಮ ಲ್ಯಾಬಿನವರನ್ನು ಕೇಳಿದರೆ ಹೇಳುತ್ತಾರೆ. ದೊಡ್ಡಮ್ಮನ ಎದುರು ಮಾತ್ರ ಆ ಕೋಪ ಎರಡು ಜಡೆಯ ಹುಡುಗಿಯ ಕೋಪವಾಗಿ ಗಂಟಲಲ್ಲೇ ಉಳಿದುಬಿಡುತ್ತಿತ್ತು.

ಇನ್ನು ಒಂದು ಅಂಕಿಯ ವಿಷಯ ಹೇಳಬೇಕು. ನಮ್ಮ ಮೆಡಿಸಿನ್ ವಾರ್ಡಿನ ಡಾಕ್ಟರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಕ್ಯಾತ್ಸಂದ್ರದಲ್ಲಿ ಮನೆ ಮಾಡಿಕೊಂಡಿದ್ದಾನೆ. ತುಂಬ ಚುರುಕು, ರೋಗಿಗಳ ಮೇಲೆ ನಿಜವಾದ ಅಕ್ಕರೆ. ಕೆಲವು ವರ್ಷಗಳ ಕೆಳಗೆ ಅವನು ನನ್ನ ರೂಮಿಗೆ ಬಂದು, "ಮೇಡಂ, ನಿಮ್ಮ ಕೌಂಟುಗಳು ಬೇಕು, ಒಂದು ಸ್ಟಡಿ ಮಾಡ್ಬೇಕು" ಅಂದ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಹಲವು ಬಗೆ. ಸೋಂಕು ತಗುಲಿದರೆ ಮೊದಲು ಓಡಿ ಬರುವವು ನ್ಯೂಟ್ರೋಫಿಲ್ ಎಂಬ ಕಣಗಳು. ಲಿಂಫೋಸೈಟ್ ಎಂಬ ಇನ್ನೊಂದು ಬಗೆಯವು ನಿಧಾನಸ್ಥರು. ಮೈಯೊಳಗೆ ಉರಿಯೂತ ಜೋರಾದಂತೆ ಮೊದಲನೆಯವು ಏರುತ್ತವೆ, ಎರಡನೆಯವು ಇಳಿಯುತ್ತವೆ. ಏರಿದ್ದನ್ನು ಇಳಿದದ್ದರಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಆ ಅಂಕಿ ದೊಡ್ಡದಾಗಿರುವ ರೋಗಿಗಳಲ್ಲಿ ಸಾಯುವವರು ಹೆಚ್ಚು. ಬೇರೆ ದೇಶಗಳಲ್ಲಿ, ಬೇರೆ ಊರುಗಳಲ್ಲಿ ಕಂಡದ್ದು ನಮ್ಮ ವಾರ್ಡಿನಲ್ಲೂ ಹಾಗೇ ಇದೆಯಾ ಎಂದು ನೋಡಬೇಕೆಂಬುದು ಅವನ ಆಸೆ. ದುಬಾರಿ ಪರೀಕ್ಷೆ ಬೇಡ, ಹೇಗೂ ಎಲ್ಲರಿಗೂ ಮಾಡುವ ರಕ್ತದ ಕೌಂಟು ಸಾಕು. ನಮ್ಮಂಥ ಊರಿಗೆ ಇದು ದೊಡ್ಡ ವಿಷಯ.

ನಾನು ಒಪ್ಪಿದೆ, ಜೊತೆಗೂ ನಿಂತೆ. ಅಂಕಿ ಸುಳ್ಳಲ್ಲ. ಬೆಳಿಗ್ಗೆ ಅದು ಮೇಲೇರಿದ್ದನ್ನು ನೋಡಿ ಅವನು ರೋಗಿಯನ್ನು ಬೇಗನೆ ಐಸಿಯುಗೆ ಸಾಗಿಸಿ ಉಳಿಸಿಕೊಂಡದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆದರೂ ಟೀಚರ್ ಬುದ್ಧಿ ಹೋಗುವುದಿಲ್ಲವಲ್ಲ. "ನೋಡಪ್ಪ, ಈ ಅಂಕಿ ನೂರು ಜನರ ಬಗ್ಗೆ ಒಟ್ಟಾಗಿ ಮಾತಾಡುತ್ತೆ. ಮಂಚದ ಮೇಲೆ ಮಲಗಿರೋ ಒಬ್ಬರ ಬಗ್ಗೆ ಮಾತಾಡ್ಬೇಕಾದ್ರೆ ಮಿಷನ್ ಚೀಟಿ ಜೊತೆ ಸ್ಲೈಡನ್ನೂ ನೋಡು" ಅಂತ ಅವನಿಗೆ ಹೇಳುತ್ತಿದ್ದೆ. "ಆಯ್ತು ಮೇಡಂ" ಅನ್ನುತ್ತಿದ್ದ, ಒಳ್ಳೆಯ ಹುಡುಗರು ಹೇಳುವ ಹಾಗೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಮ್ಮನಿಗೆ ಜ್ವರ, ಕೆಮ್ಮು, ಏದುಸಿರು. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವಳ ಮಗ, ನನಗೆ ಅಣ್ಣ, ಕಾರಿನಲ್ಲಿ ಕರೆದುಕೊಂಡು ಬಂದ. ಕುಣಿಗಲ್ಲಿಗೆ ಮದುವೆಯಾಗಿ ಹೋಗಿರುವ ಅವಳ ಮಗಳು, ನನಗೆ ತಂಗಿ, ಬಸ್ಸು ಹತ್ತಿ ಬಂದು ಸೇರಿಕೊಂಡಳು. ಶ್ವಾಸಕೋಶದಲ್ಲಿ ಸೋಂಕು. ವಾರ್ಡಿನಲ್ಲಿ ನನ್ನ ವಿದ್ಯಾರ್ಥಿಯೇ ಸೇರಿಸಿಕೊಂಡ. ದೊಡ್ಡಮ್ಮ ಅವನ ಸ್ಟೆತಾಸ್ಕೋಪನ್ನು ಮೆಚ್ಚುಗೆಯಿಂದ ನೋಡಿ ನನ್ನ ಕಡೆ ತಿರುಗಿ, "ನೋಡೇ, ಇವ್ರು ಡಾಕ್ಟ್ರು" ಅಂದಳು. ಜ್ವರದಲ್ಲೂ ಬಿಡಲಿಲ್ಲ.

ಸಂಜೆಗೆ ಅವಳ ರಕ್ತದ ಚೀಟಿ ನನ್ನ ಮೇಜಿಗೆ ಬಂತು. ಆ ಅಂಕಿಯನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಅಷ್ಟು ದೊಡ್ಡದು ನಮ್ಮ ವಾರ್ಡಿನಲ್ಲಿ ಅಪರೂಪ. ಮಿಷನ್ನನ್ನು ನಂಬದೆ ಸ್ಲೈಡನ್ನೂ ನೋಡಿದೆ. ಎಲ್ಲಿ ನೋಡಿದರೂ ನ್ಯೂಟ್ರೋಫಿಲ್‌ಗಳು, ಹುಡುಕಿದರೆ ಒಂದೊಂದು ಲಿಂಫೋಸೈಟು. ಬೇರೆ ಬಗೆಯ ಬಿಳಿ ಕಣ ಒಂದೂ ಇಲ್ಲ.

ಔಷಧಿ ಶುರುವಾಯಿತು. ಜ್ವರ ಇಳಿಯಿತು, ಕೆಮ್ಮು ಕಡಿಮೆಯಾಯಿತು. ಸರಿಹೋಗುತ್ತಿದ್ದಾಳೆ ಅಂದುಕೊಳ್ಳುವಷ್ಟರಲ್ಲಿ ಮೂರನೆಯ ದಿನ ಬೆಳಿಗ್ಗೆ ಎಲ್ಲ ಉಲ್ಟಾ ಆಯಿತು. ವಾಂತಿ. ಕೈಕಾಲು ತಣ್ಣಗೆ. ಬಿ.ಪಿ. ಜಾರುತ್ತಾ ಹೋಯಿತು. ಗ್ಲೂಕೋಸ್ ಬಾಟಲಿ ಏರಿಸಿದರೂ, ಬಿ.ಪಿ. ಎತ್ತುವ ಔಷಧಿ ಹಾಕಿದರೂ ನಿಲ್ಲಲಿಲ್ಲ. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಸೋಂಕು ರಕ್ತಕ್ಕೆ ಹರಡಿದೆ ಅಂತ ನನ್ನ ವಿದ್ಯಾರ್ಥಿ ತೀರ್ಮಾನಿಸಿದ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಮೊದಲ ದಿನದ ಆ ಅಂಕಿ ಬೇರೆ ಅವನ ಮನಸ್ಸಿನಲ್ಲಿ ಕೂತಿತ್ತು. ಅಣ್ಣನನ್ನು ಪಕ್ಕಕ್ಕೆ ಕರೆದು, ಮೆದುವಾಗಿಯೇ, "ತುಂಬ ಸೀರಿಯಸ್ ಇದೆ. ರಕ್ತದಲ್ಲಿ ಇಷ್ಟು ಏರುಪೇರು ಇರೋರಲ್ಲಿ ಹೆಚ್ಚಿನವರು ಉಳಿಯಲ್ಲ. ನಾವು ಪ್ರಯತ್ನ ನಿಲ್ಲಿಸಲ್ಲ" ಅಂದ.

ಅಣ್ಣನಿಗೆ ಕೇಳಿಸಿದ್ದು ನಡುವಿನ ಮಾತು ಮಾತ್ರ.

ನಮ್ಮ ಕಡೆಯ ಒಂದು ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಹೊರಗೆ ಪ್ರಾಣ ಹೋದರೆ ಹೆಣವನ್ನು ಹೊಸ್ತಿಲು ದಾಟಿಸಿ ಒಳಗೆ ತರುವುದಿಲ್ಲ, ಅಂಗಳದಲ್ಲೇ ಇಡುತ್ತಾರೆ. ಹಾಗಾಗಿ ಆಸೆಯಿಲ್ಲ ಎಂದು ಡಾಕ್ಟರ ಬಾಯಲ್ಲಿ ಬಂದರೆ ಸಾಕು, ಉಸಿರಿರುವಾಗಲೇ ಮನೆ ಮುಟ್ಟಿಸಬೇಕು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿ, ಮಕ್ಕಳು ಬಾಯಿಗೆ ನೀರು ಬಿಡಬೇಕು. ತಾಯಿಯನ್ನು ಅಂಗಳದಲ್ಲಿ ಇಡುವಂತಾಯಿತಲ್ಲ ಎಂಬ ಮಾತು ಮಗನನ್ನು ಸಾಯುವವರೆಗೂ ಬಿಡುವುದಿಲ್ಲ. ಅಣ್ಣ ಗುಬ್ಬಿಗೆ ಫೋನು ಮಾಡಿ ನಡುಮನೆ ತೊಳೆಸಲು ಹೇಳಿದ. ಆಕ್ಸಿಜನ್ ಇರುವ ಗಾಡಿ ಗೊತ್ತು ಮಾಡಿದ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಅವನನ್ನು ಕಟುಕ ಅಂತ ಯಾರೂ ತಿಳಿಯಬೇಡಿ. ಅವನು ಮಾಡುತ್ತಿದ್ದುದು ಮಗನ ಕೆಲಸ.

ಗಾಡಿ ಗೊತ್ತು ಮಾಡಿದ್ದು ನನಗೆ ಆಗ ಗೊತ್ತಿರಲಿಲ್ಲ. ನಾನು ಲ್ಯಾಬಿನಲ್ಲಿದ್ದೆ. ಆ ಬೆಳಿಗ್ಗೆಯ ಅವಳ ರಕ್ತ ಬಂದಿತ್ತು. ಅಂಕಿ ಮೊದಲಿಗಿಂತ ಇಳಿದಿತ್ತು, ಆದರೂ ಕೆಟ್ಟದ್ದೇ. ಮಿಷನ್ನು ಚೀಟಿಯ ಪಕ್ಕದಲ್ಲಿ ತನಗೆ ಅನುಮಾನ ಅಂತ ಒಂದು ಗುರುತು ಹಾಕಿತ್ತು. ಸ್ಲೈಡ್ ಮಾಡಿಸಿ ಕಣ್ಣಿಟ್ಟೆ.

ಒಂದು ಇಯೊಸಿನೋಫಿಲ್ ಕಂಡಿತು. ಬಿಳಿ ಕಣಗಳಲ್ಲೇ ಇದೊಂದು ಚೆಂದದ ಜಾತಿ, ಹೊಟ್ಟೆ ತುಂಬ ಕೆಂಪು ಕಾಳು ಕಾಳಾಗಿರುತ್ತದೆ. ಸ್ಲೈಡನ್ನು ಸರಿಸಿದೆ. ಇನ್ನೊಂದು. ಇನ್ನೂ ಸರಿಸಿದೆ. ಅಲ್ಲೊಂದು, ಇಲ್ಲೊಂದು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಮೈ ಈ ಪಾಟಿ ಸೋಂಕಿಗೆ ಸಿಕ್ಕಿ ಬಿ.ಪಿ. ಬೀಳುತ್ತಿರುವ ರೋಗಿಯ ರಕ್ತದಲ್ಲಿ ಈ ಕಣಗಳು ಇರಬಾರದು. ಅಂಥ ಸಂಕಟದಲ್ಲಿ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಧಾರಾಳವಾಗಿ ಸುರಿಸುತ್ತವೆ. ಅದು ಸುರಿದರೆ ಇವು ಮಾಯ. ಇವು ಇವೆ ಅಂದರೆ ಅದು ಇಲ್ಲ.

ಹೊಟ್ಟೆಯಲ್ಲಿ ಹುಳವಿದ್ದರೂ ಇವು ಹೆಚ್ಚುತ್ತವೆ, ನಮ್ಮ ಹಳ್ಳಿಗಳಲ್ಲಿ ಅದು ಸಾಮಾನ್ಯ. ಹಾಗಾಗಿ ಮೊದಲ ದಿನದ ಸ್ಲೈಡನ್ನು ಟ್ರೇಯಿಂದ ಹೊರಗೆ ತೆಗೆದು ಮತ್ತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದೆ. ಒಂದೇ ಒಂದು ಇಯೊಸಿನೋಫಿಲ್ ಇಲ್ಲ. ಹುಳ ಎರಡು ದಿನದಲ್ಲಿ ಬಂದು ಸೇರಿಕೊಳ್ಳುವುದಿಲ್ಲ. ಬಂದಾಗ ಮೈಯಲ್ಲಿದ್ದ ಏನೋ ಒಂದು ಈಗ ಇಲ್ಲ. ಹೊರಗಿನಿಂದ ಸ್ಟೀರಾಯ್ಡ್, ಅಂದರೆ ಆ ರಸದ ಕೆಲಸವನ್ನೇ ಮಾಡುವ ಮಾತ್ರೆ, ತಿನ್ನುತ್ತಿದ್ದವರಲ್ಲಿ ಆ ಗ್ರಂಥಿಗಳು ಕೆಲಸವಿಲ್ಲದೆ ನಿದ್ದೆ ಹೋಗಿರುತ್ತವೆ. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಅವು ಏಳುವುದಿಲ್ಲ, ಮನುಷ್ಯ ಮಲಗಿಬಿಡುತ್ತಾನೆ. ಅದೂ ಅಲ್ಲದೆ ಸ್ಟೀರಾಯ್ಡ್ ಮೈಯಲ್ಲಿದ್ದಾಗ ನ್ಯೂಟ್ರೋಫಿಲ್ ತಾನಾಗಿ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ನನ್ನ ಎದೆ ಧಸಕ್ಕೆನ್ನಿಸಿದ ಅಂಕಿಯಲ್ಲಿ ಸೋಂಕಿನ ಪಾಲು ಎಷ್ಟೋ, ಇದರ ಪಾಲು ಎಷ್ಟೋ.

ಆದರೆ ದೊಡ್ಡಮ್ಮ ಸ್ಟೀರಾಯ್ಡ್ ಎಲ್ಲಿಂದ ತಿಂದಳು? ಕಣ್ಣು ಮುಚ್ಚಿದರೆ ಅವಳ ಮುಖ ಬಂತು. ಕಳೆದೊಂದು ವರ್ಷದಲ್ಲಿ ಆ ಮುಖ ಗುಂಡಗಾಗಿ ಹೊಳೆಯುತ್ತಿತ್ತು. ನೆಂಟರ ಮನೆಯ ಗೃಹಪ್ರವೇಶದಲ್ಲಿ ಎಲ್ಲರೂ ಮೈಕೈ ತುಂಬಿಕೊಂಡಿದ್ದಾಳೆ ಅಂತ ಖುಷಿಪಟ್ಟಿದ್ದರು. ವರ್ಷಗಟ್ಟಲೆ ಮಂಡಿ ಹಿಡಿದುಕೊಂಡು ಕೂತಿದ್ದವಳು ಸಂತೆಗೆ ನಡೆದುಕೊಂಡು ಹೋಗಿ ಬರುತ್ತಿದ್ದಳು. ಮುಂಗೈ ಮೇಲೆ ನೀಲಿ ಕಲೆಗಳು. ಇವೆಲ್ಲ ಬಹಳ ದಿನ ಸ್ಟೀರಾಯ್ಡ್ ತಿಂದವರ ಗುರುತು. ಲ್ಯಾಬಿನಲ್ಲಿ ಓಡಬಾರದು ಅನ್ನುವುದು ನಾನೇ ಮಾಡಿದ ನಿಯಮ. ಓಡಿದೆ.

ವಾರ್ಡಿನ ಕಾರಿಡಾರಿನಲ್ಲಿ ಅಣ್ಣ, ತಂಗಿ ಇಬ್ಬರೂ ನಿಂತಿದ್ದರು. ಸ್ಟ್ರೆಚರ್ ತಂದಿಟ್ಟಿದ್ದರು.

"ಏನಣ್ಣ ಇದು?"

"ಮನೆಗೆ ಕರ್ಕೊಂಡೋಗ್ತೀವಮ್ಮ. ಡಾಕ್ಟ್ರು ಹೇಳ್ಬಿಟ್ರು. ಅವ್ಳು ಹೊರಗೆ ಹೋಗ್ಬಾರ್ದು, ಮನೇಲೇ ಆಗ್ಲಿ."

"ಒಂದು ನಿಮಿಷ ನಿಲ್ಲು. ದೊಡ್ಡಮ್ಮ ಬೇರೆ ಏನಾದ್ರೂ ಔಷಧಿ ತಗೋತಿದ್ಳಾ?"

"ಇಲ್ಲಕ್ಕ," ಅಂದಳು ತಂಗಿ, ಮೂಗು ಒರೆಸಿಕೊಳ್ಳುತ್ತಾ. "ಬಿ.ಪಿ. ಮಾತ್ರೆ ಒಂದೇಯ. ಡಾಕ್ಟ್ರೂ ಕೇಳಿದ್ರು, ಅದನ್ನೇ ಹೇಳಿದೀವಿ."

ನಾನು ಅದೇ ನೆಲದಲ್ಲಿ ಬೆಳೆದವಳು. ನಮ್ಮವರಿಗೆ ಔಷಧಿ ಅಂದರೆ ಮೆಡಿಕಲ್ ಸ್ಟೋರಿನದು. ಉಳಿದದ್ದಕ್ಕೆ ಬೇರೆ ಹೆಸರಿದೆ. ಪ್ರಶ್ನೆಯನ್ನು ತಿರುಗಿಸಿದೆ. "ಮಂಡಿ ಹೆಂಗೆ ವಾಸಿ ಆಯ್ತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಕಣ್ಣಲ್ಲೇ ತಂಗಿಗೆ ಬೇಡ ಅಂದ.

"ಅದೇನೂ ಔಷಧಿ ಅಲ್ಲ ಬುಡು," ಅಂದ. "ಬೇರಿನ ಗುಳಿಗೆ. ಕುಣಿಗಲ್ ಕಡೆ ಒಬ್ರು ಕೊಡ್ತಾರೆ. ಹೇಳ್ಬಾರ್ದು ಅಂದವ್ರೆ. ಹೇಳಿದ್ರೆ ಗುಣ ಹೋಗುತ್ತಂತೆ."

"ಈಗ್ಲೂ ಕೊಡ್ತಾ ಇದೀರಾ?"

ಈಗ ತಂಗಿಯ ಮುಖದಲ್ಲಿ ಅಷ್ಟು ದುಃಖದಲ್ಲೂ ಒಂದು ಶಿಸ್ತಿನ ಹೆಮ್ಮೆ ಬಂತು. "ಇಲ್ಲಕ್ಕ, ಇಲ್ಲಿಗೆ ಸೇರಿಸಿದ ದಿನಾನೇ ಬಂದ್ ಮಾಡಿದೀವಿ. ಇಂಗ್ಲಿಷ್ ಇಂಜೆಕ್ಷನ್ ಜೊತೆ ಅದು ಸೇರ್ಬಾರ್ದು. ಪಥ್ಯ ಒಂದಿನಾನೂ ತಪ್ಪಿಸಿಲ್ಲ. ವರ್ಷದಿಂದ ಬದನೆಕಾಯಿ ಮುಟ್ಟಿಲ್ಲ ಅವ್ಳು."

ಆಗ ನಾನು ಕೂಗಾಡಿದ್ದು ವಾರ್ಡಿನವರಿಗೆಲ್ಲ ಕೇಳಿಸಿತಂತೆ. ಏನು ಅಂದೆನೋ ನೆನಪಿಲ್ಲ. ನೆನಪಿರುವುದು ತಂಗಿ ಬೆದರಿ ಗೋಡೆಗೆ ಒತ್ತಿಕೊಂಡದ್ದು. ಅವಳು ಒಳಗೆ ಹೋಗಿ ತಾಯಿಯ ದಿಂಬಿನ ಕೆಳಗಿದ್ದ ಎಲೆಅಡಿಕೆ ಚೀಲ ತಂದುಕೊಟ್ಟಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಪೇಪರಿನ ಪೊಟ್ಟಣ. ಅದರೊಳಗೆ ಕಡಲೆಕಾಳು ಗಾತ್ರದ ಕಪ್ಪು ಗುಳಿಗೆಗಳು. ನನಗೆ ನಾಟಿ ವೈದ್ಯರ ಮೇಲೆ ಹಗೆಯಿಲ್ಲ, ನನ್ನ ಚಿಕ್ಕಂದಿನ ಎಷ್ಟೋ ನೋವುಗಳನ್ನು ಸೊಪ್ಪಿನ ರಸದಲ್ಲೇ ಕಳೆದಿದ್ದಾರೆ. ಆದರೆ ಬೇರಿನ ಪುಡಿಯೊಳಗೆ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸಿ, ಮಂಡಿ ನೋವು ಮಂಗಮಾಯ ಮಾಡುವವರೂ ಇದ್ದಾರೆ. ಸುಳ್ಳನ್ನು ಬೆರೆಸಿದವನು ಒಬ್ಬ, ಅದಕ್ಕೆ ವರ್ಷವಿಡೀ ಪಥ್ಯ ಮಾಡಿದವಳು ನನ್ನ ದೊಡ್ಡಮ್ಮ. ಅವಳ ಮಕ್ಕಳು ಮಾಡಿದ ತಪ್ಪೂ ಮರ್ಯಾದೆಯಿಂದ ಮಾಡಿದ ತಪ್ಪು. ಕದ್ದು ಕೊಡುತ್ತಾ ಇದ್ದಿದ್ದರೆ ಅವಳು ಹೀಗೆ ಬೀಳುತ್ತಿರಲಿಲ್ಲ. ನಿಯಮ ಪಾಲಿಸಿದ್ದಕ್ಕೇ ಸಾವಿನ ಬಾಗಿಲಿಗೆ ಹೋಗಿದ್ದಳು.

"ಅಣ್ಣ, ಗಾಡಿ ವಾಪಸ್ ಕಳಿಸು. ಇದಕ್ಕೆ ಔಷಧಿ ಇದೆ."

ಅಣ್ಣ ತಲೆಯಾಡಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನೀನು ರಕ್ತ ನೋಡೋಳಮ್ಮ. ರೋಗಿ ನೋಡೋ ಡಾಕ್ಟ್ರೇ ಆಗಲ್ಲ ಅಂದವ್ರೆ. ನಿನ್ ಮಾತು ಕೇಳ್ಕೊಂಡು ಅವ್ಳು ಇಲ್ಲೇ ಹೋಗ್ಬಿಟ್ರೆ ನಾನ್ ಅವ್ಳನ್ನ ಅಂಗಳದಲ್ಲಿ ಇಡ್ಲಾ?"

ಜೀವಮಾನದಲ್ಲಿ ಆ ಮಾತು ಅಷ್ಟು ನೋಯಿಸಿದ್ದಿಲ್ಲ. ಯಾಕೆಂದರೆ ಈ ಸಲ ಅದಕ್ಕೆ ಬೆಲೆ ದೊಡ್ಡಮ್ಮನ ಉಸಿರು. ಅಷ್ಟರಲ್ಲಿ ಗಲಾಟೆ ಕೇಳಿ ನನ್ನ ವಿದ್ಯಾರ್ಥಿ ಹೊರಗೆ ಬಂದ. ಅವನಿಗೆ ಎರಡು ದಿನದ ಎರಡು ಸ್ಲೈಡುಗಳ ವಿಷಯ, ಗುಳಿಗೆಯ ವಿಷಯ ಒಂದೇ ಉಸಿರಿನಲ್ಲಿ ಹೇಳಿದೆ. ಆಗ ಅವನು ಮಾಡಿದ್ದನ್ನು ನಾನು ಎಲ್ಲ ಕ್ಲಾಸಿನಲ್ಲೂ ಹೇಳುತ್ತೇನೆ, ಅವನು ಇಲ್ಲದಾಗ. ಅವನು ವಾದ ಮಾಡಲಿಲ್ಲ. ತನ್ನ ತೀರ್ಮಾನವನ್ನು ಎದೆಗೆ ಅವುಚಿಕೊಂಡು ನಿಲ್ಲಲಿಲ್ಲ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿದ, ಒಳಗೆ ಹೋಗಿ ದೊಡ್ಡಮ್ಮನ ಮುಂಗೈ ಕಲೆಗಳನ್ನು ನೋಡಿದ, ನರ್ಸ್ ಕಡೆ ತಿರುಗಿ, "ಕಾರ್ಟಿಸಾಲ್‌ಗೆ ಬ್ಲಡ್ ತಗೊಳ್ಳಿ. ರಿಪೋರ್ಟ್ ಕಾಯೋದು ಬೇಡ, ಹೈಡ್ರೋಕಾರ್ಟಿಸೋನ್ ಈಗ್ಲೇ ಕೊಡಿ" ಅಂದ. ಅವಳ ಮೈ ಸುರಿಸಲಾರದೆ ಹೋದ ಅದೇ ರಸ, ಸೂಜಿಯಲ್ಲಿ. ಆಮೇಲೆ ಅಣ್ಣನ ಮುಂದೆ ಬಂದು ನಿಂತ.

"ನಾನು ಬೆಳಿಗ್ಗೆ ಹೇಳಿದ್ದು ನನಗೆ ಗೊತ್ತಿದ್ದಷ್ಟರಲ್ಲಿ ಸರಿ ಇತ್ತು. ಈಗ ಮೇಡಂಗೆ ಗೊತ್ತಿರೋದು ನನಗಿಂತ ಜಾಸ್ತಿ. ಸಾಯಂಕಾಲದವರೆಗೆ ಟೈಮ್ ಕೊಡಿ. ಗಾಡಿ ಕೆಳಗೇ ಇರ್ಲಿ."

ಅಣ್ಣ ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ, ದೊಡ್ಡವನಾದರೂ, ಗಣಿತದ ಲೆಕ್ಕ ಬಿಡಿಸಿಕೊಡು ಅಂತ ನನ್ನ ಹತ್ತಿರ ಬರುತ್ತಿದ್ದಾಗ ನೋಡುತ್ತಿದ್ದ ಹಾಗೆ. "ಅಂಗಳದಲ್ಲಿ ಇಡೋ ಹಂಗೆ ಮಾಡ್ಬೇಡಮ್ಮ" ಅಂದು ಬೆಂಚಿನ ಮೇಲೆ ಕುಸಿದ.

ಆ ಮಧ್ಯಾಹ್ನ ನಾನು ಲ್ಯಾಬಿಗೆ ವಾಪಸು ಹೋಗಲಿಲ್ಲ. ದೊಡ್ಡಮ್ಮನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅವಳು ನನ್ನ ಪಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಹಾಗೆ ಈಗ ನಾನು. ಬಿಡಿಸುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಭಯವಾಗುತ್ತಿತ್ತು. ನಾನು ನೋಡಿದ್ದು ತಪ್ಪಾಗಿದ್ದರೆ ಒಬ್ಬ ಮಗನಿಂದ ಕೊನೆಯ ಗುಟುಕು ನೀರನ್ನು ಕಿತ್ತುಕೊಂಡವಳಾಗುತ್ತಿದ್ದೆ. ಆದರೆ ಭಯದ ಅಡಿಯಲ್ಲಿ ಒಂದು ಗಟ್ಟಿ ನೆಲ ಇತ್ತು. ನಾನು ನೋಡಿದ್ದನ್ನು ನೋಡಿದ್ದೆ.

ಮೊದಲು ಕೈ ಬೆಚ್ಚಗಾಯಿತು. ಆಮೇಲೆ ಬಿ.ಪಿ. ಮೆಲ್ಲಗೆ ಮೇಲೇಳತೊಡಗಿತು. ನರ್ಸ್ ಅದನ್ನು ನೋಡಿ, ನನ್ನ ಕಡೆ ನೋಡಿ ನಕ್ಕಳು. ಕಿಟಕಿಯ ಬಿಸಿಲು ಗೋಡೆಗೆ ಹತ್ತುವ ಹೊತ್ತಿಗೆ ದೊಡ್ಡಮ್ಮ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಮಗ, ಮಗಳು, ನಾನು, ಬಾಗಿಲಲ್ಲಿ ಸ್ಟ್ರೆಚರು.

"ಏನ್ಲಾ ಎಲ್ಲಾ ಸೇರ್ಕೊಂಡಿದೀರಿ? ನನ್ ಎಲಡಿಕೆ ಚೀಲ ಎಲ್ಲಿ?"

ತಂಗಿ ಗಟ್ಟಿಯಾಗಿ ಅತ್ತುಬಿಟ್ಟಳು. ಆ ಅಳುವಿನಲ್ಲೇ ಗಾಡಿ ಬಂದದ್ದು, ಗುಬ್ಬಿಯಲ್ಲಿ ನಡುಮನೆ ತೊಳೆದದ್ದು, ಹಾಗಲವಾಡಿಯಿಂದ ನೆಂಟರು ಹೊರಟದ್ದು ಎಲ್ಲ ಬಯಲಾಯಿತು. ದೊಡ್ಡಮ್ಮ ಕೇಳಿ ಮುಗಿಸಿ ಮಗನ ಕಡೆ ತಿರುಗಿದಳು. "ಹಬ್ಬಕ್ಕೆ ನಡುಮನೆ ತೊಳ್ಸೋ ಅಂತ ಬಾಯಿ ಬಡ್ಕೊಂಡೆ, ತೊಳ್ಸಿಲ್ಲ. ನಾನ್ ಸಾಯ್ತೀನಿ ಅಂದ ತಕ್ಷಣ ತೊಳ್ಸಿದ್ಯೇನ್ಲಾ?" ಅಣ್ಣ ನಗುತ್ತಾ ಅಳುತ್ತಾ ಅವಳ ಪಾದ ಹಿಡಿದುಕೊಂಡು ಕೂತ. ಆಮೇಲೆ ಕೆಳಗಿಳಿದು ಹೋಗಿ ಗಾಡಿಯನ್ನು ಕಳಿಸಿಬಂದ. ಕಾರ್ಟಿಸಾಲ್ ರಿಪೋರ್ಟ್ ಬಂದಾಗ ಅದು ಪಾತಾಳದಲ್ಲಿತ್ತು. ಆಗ ಅದನ್ನು ಕಾಯುವವರು ಯಾರೂ ಇರಲಿಲ್ಲ.

ನನ್ನ ವಿದ್ಯಾರ್ಥಿ ತನ್ನ ಸ್ಟಡಿಯನ್ನು ಬಿಟ್ಟಿಲ್ಲ, ಬಿಡಬಾರದು ಕೂಡ. ಆದರೆ ಈಗ ಅವನ ರೌಂಡ್ಸಿನಲ್ಲಿ ವಯಸ್ಸಾದ ಪ್ರತಿ ರೋಗಿಗೂ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಯಾವ ಔಷಧಿ ತಗೋತೀರಿ ಅಂತ ಅಲ್ಲ. "ಮಂಡಿಗೆ ಏನು ಮಾಡ್ಕೋತೀರಿ?" ಅಂತ. ಅಂಕಿ ದೊಡ್ಡದಾಗಿ ಬಂದರೆ ಲ್ಯಾಬಿಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಸ್ಲೈಡ್ ನೋಡುತ್ತಾನೆ. ನಾನು ಪಾಠ ಹೇಳಿಕೊಟ್ಟವರಲ್ಲಿ ದೊಡ್ಡ ದೊಡ್ಡ ಊರುಗಳಲ್ಲಿ ದೊಡ್ಡ ಹೆಸರು ಮಾಡಿದವರಿದ್ದಾರೆ. ಹೆಮ್ಮೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಇವನನ್ನು.

ದೊಡ್ಡಮ್ಮನಿಗೆ ಸ್ಟೀರಾಯ್ಡನ್ನು ಲೆಕ್ಕವಾಗಿ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಾಯಿತು. ಇಳಿದಂತೆ ಮಂಡಿ ನೋವು ತನ್ನ ಜಾಗಕ್ಕೆ ವಾಪಸು ಬಂತು. ಸಂತೆಗೆ ನಡೆಯುವುದು ನಿಂತಿತು, ಕೈಗೆ ಕೋಲು ಬಂತು. ಇದಕ್ಕೆ ನಾನು ಬಹಳ ಹೆದರಿದ್ದೆ. ಅವಳು ಗುಟ್ಟಾಗಿ ಮತ್ತೆ ಗುಳಿಗೆಗೆ ಹೋದರೆ ತಡೆಯುವವರು ಯಾರು? ಅವಳು ಹೋಗಲಿಲ್ಲ. ಒಂದು ಸಲ ಚೆಕಪ್ಪಿಗೆ ಬಂದಾಗ, "ನೀನು ಏನ್ ನೋಡ್ದೆ ಅದ್ನ ನಂಗೂ ತೋರ್ಸು" ಅಂದಳು. ಲ್ಯಾಬಿಗೆ ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವಳ ಆ ದಿನದ ಸ್ಲೈಡನ್ನು ನಾನು ಎಸೆದಿರಲಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಮೈಕ್ರೋಸ್ಕೋಪಿಗೆ ಇಟ್ಟು ಬಹಳ ಹೊತ್ತು ನೋಡಿದಳು.

"ರಾಗಿ ತುಂಬಿದ ಚೀಲ ಇದ್ದಂಗೈತೆ."

"ಅದೇ ದೊಡ್ಡಮ್ಮ."

"ಇಷ್ಟು ಪುಟಾಣಿದ್ನ ಹುಡುಕ್ಕೊಂಡು ಕೂತಿರ್ತೀಯಾ ದಿನಾ?"

"ದಿನಾ."

ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. ನನ್ನ ತಲೆಯ ಮೇಲೆ ಕೈಯಿಟ್ಟು, ಬೆಳ್ಳಗಾದ ಕೂದಲನ್ನು ಜಡೆ ಹಾಕುವವಳ ಹಾಗೆ ಒಮ್ಮೆ ಹಿಂದಕ್ಕೆ ಸವರಿದಳು. ಈಗ ನಾನು ವಿದ್ಯಾರ್ಥಿಗಳಿಗೆ ಆ ಕಣವನ್ನು ತೋರಿಸುವಾಗ ರಾಗಿ ಚೀಲ ಅಂತಲೇ ಹೇಳುತ್ತೇನೆ.

ಆಮೇಲೆ ಅವಳು ಮಾಡಿದ್ದು ನನಗೆ ತಡವಾಗಿ ತಿಳಿಯಿತು. ಗುಬ್ಬಿಯ ಮನೆಯ ಜಗಲಿಯ ಮೇಲೆ ಕೋಲು ಪಕ್ಕಕ್ಕಿಟ್ಟುಕೊಂಡು ಕೂತು, ಮುಖ ಗುಂಡಗಾಗಿರುವ ಹೆಂಗಸರು ಬೀದಿಯಲ್ಲಿ ಕಂಡರೆ ಕರೆದು ಕೂರಿಸಿ ವಿಚಾರಿಸುತ್ತಿದ್ದಳಂತೆ. ಹೇಳಿದರೆ ಗುಣ ಹೋಗುತ್ತದೆ ಅಂತ ಅವರು ಬಾಯಿ ಬಿಡದಿದ್ದರೆ, "ಕೊಟ್ಟವ್ನು ಒಳಗೆ ಏನ್ ಹಾಕವ್ನೆ ಅಂತ ನಿಂಗೆ ಹೇಳವ್ನಾ? ಅವ್ನು ಹೇಳ್ದೆ ಇದ್ಮೇಲೆ ನೀನ್ ಯಾಕೆ ಅವ್ನ ಗುಟ್ಟು ಕಾಯ್ತೀಯಾ?" ಅನ್ನುತ್ತಿದ್ದಳಂತೆ. ತನ್ನ ಕಥೆಯನ್ನು ಒಂದೂ ಬಿಡದೆ ಹೇಳುತ್ತಿದ್ದಳಂತೆ. ವರ್ಷವಿಡೀ ಬಾಯಿ ಕಟ್ಟಿದ್ದವಳು ಈಗ ಇಡೀ ಬೀದಿಯ ಬಾಯಿ ಬಿಡಿಸುತ್ತಿದ್ದಳು.

ಇದು ನನಗೆ ಗೊತ್ತಾದದ್ದು ಹೀಗೆ. ಒಂದು ಬೆಳಿಗ್ಗೆ ಲ್ಯಾಬಿನ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಗುಬ್ಬಿಯಿಂದ ಮೊದಲನೇ ಬಸ್ಸಿಗೆ ಬಂದಿದ್ದಳು. ಗುಂಡು ಮುಖ, ಹೊಳೆಯುವ ಕೆನ್ನೆ. ನಮ್ಮ ಟೆಕ್ನಿಷಿಯನ್ ಇದು ಲ್ಯಾಬು, ಡಾಕ್ಟರು ಮಹಡಿಯ ಮೇಲೆ ಓಪಿಡಿಯಲ್ಲಿ ಸಿಗುತ್ತಾರೆ ಅಂತ ದಾರಿ ತೋರಿಸುತ್ತಿದ್ದ. ಆಕೆ ಸೀರೆಯ ಸೆರಗಿನ ಗಂಟನ್ನು ಬಿಚ್ಚಿ ಒಂದು ಪೇಪರಿನ ಪೊಟ್ಟಣ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಗುಬ್ಬಿ ಅಜ್ಜಿ ಕಳ್ಸವ್ರೆ. ಇದ್ನ ನಿಲ್ಲಿಸ್ಬೇಡ, ಮೊದ್ಲು ಇಲ್ಲಿ ತೋರ್ಸು ಅಂದವ್ರೆ."

"ಅದೇ ಅಮ್ಮಾ, ಮೇಲೆ ಓಪಿಡಿಯಲ್ಲಿ ಡಾಕ್ಟ್ರು..."

"ಅವ್ರಲ್ಲಪ್ಪ," ಅಂದಳು ಆಕೆ, ಅಷ್ಟೂ ತಿಳಿಯದವನಿಗೆ ಹೇಳುವ ಹಾಗೆ. "ನಂಗೆ ರಕ್ತ ನೋಡೋ ಡಾಕ್ಟ್ರು ಬೇಕು."

ನಾನು ಮೈಕ್ರೋಸ್ಕೋಪಿನ ದೀಪ ಆರಿಸಿ, ಕನ್ನಡಕ ಸರಿಮಾಡಿಕೊಂಡು ಎದ್ದೆ. "ನಾನೇ ಕಣಮ್ಮ" ಅಂದೆ.